ಐಲಿ ರಾಂತಾಲ ಮತ್ತು ಹತ್ತುಪಟ್ಟಿನ ದಿಗಿಲು

ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪ್ರೊಫೆಸರು ಎಂದರೆ ಮನೆಯ ಕರೆಂಟಿನ ಸಾಮಾನೆಲ್ಲ ರಿಪೇರಿ ಮಾಡಬಲ್ಲವರು ಎಂದು ಕಾಪರ್ ನೆಕ್ ಊರಿನ ಪೈನ್ ಬೀದಿಯವರಾದ ನಾವು ಬಹಳ ವರ್ಷ ನಂಬಿಕೊಂಡಿದ್ದೆವು. ನಂಬದೆ ಏನು ಮಾಡುವುದು? ಹಲ್ಲಿನ ಡಾಕ್ಟರು ಪಕ್ಕದ ಮನೆಯಲ್ಲಿದ್ದರೆ ಹಲ್ಲುನೋವು ಬಂದವನು ಬೇಲಿ ಹಾರುತ್ತಾನೆ. ಹಾಗೆಯೇ ಐಲಿ ರಾಂತಾಲ ನಮ್ಮ ಬೀದಿಗೆ ಬಂದ ಮೊದಲ ಚಳಿಗಾಲದಲ್ಲಿ ಎದುರುಮನೆಯ ವರ್ನ್ ಕೆಸ್ಟಿಲ ತನ್ನ ಟೋಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಅವರ ಬಾಗಿಲು ತಟ್ಟಿದ. ಐಲಿ ಅದನ್ನು ತಿರುಗಿಸಿ ನೋಡಿದರು, ಬುಡಮೇಲು ಮಾಡಿ ಬ್ರೆಡ್ಡಿನ ಚೂರು ಉದುರಿಸಿದರು, ಪ್ಲಗ್ಗಿಗೆ ಸಿಕ್ಕಿಸಿ ಸ್ವಲ್ಪ ಹೊತ್ತು ಕಾದರು.

"ಕೆಟ್ಟಿದೆ," ಎಂದರು.

"ಕೆಟ್ಟಿದೆ ಅಂತಾನೇ ತಂದಿದ್ದು."

"ಹಾಗಾದ್ರೆ ನಮ್ಮಿಬ್ಬರದೂ ಒಂದೇ ಅಭಿಪ್ರಾಯ. ಕಾಫಿ ಕುಡೀತೀಯಾ?"

ವರ್ನ್ ಕಾಫಿ ಕುಡಿದು, ಟೋಸ್ಟರನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡು ಮನೆಗೆ ಬಂದ. ಸರ್ಕಾರಿ ರಸ್ತೆಯ ಹಿಮ ತೆಗೆಯುವ ಲಾರಿ ಓಡಿಸುತ್ತಿದ್ದವನು ಅವನು. ಊರಿನ ಪ್ರತಿ ಮನೆಯ ಮುಂದೆ ನಿಂತು ಹೋಗುವವನು. ಆ ವಾರ ಮುಗಿಯುವುದರೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿತು. "ಆ ಹೆಂಗಸಿಗೆ ಡಾಕ್ಟರೇಟ್ ಕೊಟ್ಟೋರ ಮನೇಲಿ ಟೋಸ್ಟರ್ ಇರಲಿಲ್ಲ ಅಂತ ಕಾಣತ್ತೆ."

ಹಾಗಾದರೆ ಆಕೆ ಮಾಡುತ್ತಿದ್ದ ಕೆಲಸ ಏನು? ಹಿಮ ನೋಡುವುದು. ದೊಡ್ಡ ವಿದ್ಯುತ್ ಕಂಬಗಳಲ್ಲಿ ತಂತಿಯನ್ನು ಹಿಡಿದು ನೇತಾಡುವ ಪಿಂಗಾಣಿ ಬಟ್ಟಲುಗಳ ಸರವನ್ನು ನೀವು ನೋಡಿರುತ್ತೀರಿ. ಇನ್ಸುಲೇಟರ್ ಎಂದು ಅದರ ಹೆಸರು. ತಂತಿಯ ಕರೆಂಟು ಕಂಬಕ್ಕೆ ಇಳಿಯದ ಹಾಗೆ ತಡೆಯುವುದು ಅದರ ಕೆಲಸ. ಆದರೆ ಸುಪೀರಿಯರ್ ಸರೋವರದ ಕಡೆಯಿಂದ ಮಂಜು ಮಳೆ ಬೀಸಿ ಆ ಬಟ್ಟಲುಗಳ ಮೇಲೆ ಹಿಮ ಕಟ್ಟಿದಾಗ, ಆ ಹಿಮದ ಮೇಲಿನ ತೇವದಲ್ಲಿ ಕರೆಂಟು ಕಳ್ಳನ ಹಾಗೆ ಹೆಜ್ಜೆ ಇಟ್ಟು ಸೋರುತ್ತದೆ. ಎಷ್ಟು ಸೋರುತ್ತದೆ ಎಂದು ಅಳೆಯುವುದೇ ಐಲಿಯವರ ಸಂಶೋಧನೆ. ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಲಾರಿ ನಿಲ್ಲುವಷ್ಟು ದೊಡ್ಡ ಶೀತಕೋಣೆ ಇತ್ತು. ಅದರೊಳಗೆ ಪಿಂಗಾಣಿ ಸರ ತೂಗುಹಾಕಿ, ನೀರು ಸಿಂಪಡಿಸಿ, ಹಿಮ ಕಟ್ಟುವವರೆಗೆ ಎರಡು ಜೊತೆ ಕಾಲುಚೀಲ ಹಾಕಿಕೊಂಡು ಕಾಯುತ್ತಿದ್ದರು. ಹೊರಗೆ ಬೇಕಾದಷ್ಟು ಹಿಮ ಬಿದ್ದಿರುವಾಗ ಒಳಗೆ ಕೂತು ದುಡ್ಡು ಕೊಟ್ಟು ಹಿಮ ಮಾಡುವ ಹೆಂಗಸು ಎಂದು ವರ್ನ್ ನಗುತ್ತಿದ್ದ.

ವಿಭಾಗದಲ್ಲಿಯೂ ಆಕೆಯ ಸ್ಥಾನ ಅಷ್ಟಕ್ಕಷ್ಟೇ. ಎಲೆಕ್ಟ್ರಿಕಲ್ ವಿಭಾಗ ಒಂದೇ ಮನೆ ಎಂದು ಹೊರಗಿನವರು ತಿಳಿಯುತ್ತಾರೆ. ಒಳಗೆ ಬೇರೆ ಬೇರೆ ಒಲೆ. ಕಂಪ್ಯೂಟರಿನ ಚಿಪ್ಪು ಮಾಡುವವರು ಮೇಲಿನ ಮಹಡಿಯಲ್ಲಿ ಬಿಳಿ ಅಂಗಿ ತೊಟ್ಟು ಧೂಳನ್ನು ಶಪಿಸುತ್ತ ಇರುತ್ತಾರೆ. ಗಣಿತದಿಂದ ಅಲೆಗಳನ್ನು ಸೀಳುವವರು ನಡುಮಹಡಿಯಲ್ಲಿ ಬಿಳಿ ಹಲಗೆಯ ಮುಂದೆ ಮೌನವಾಗಿ ನಿಲ್ಲುತ್ತಾರೆ. ಕಂಬ, ತಂತಿ, ಮೋಟಾರು ಎನ್ನುವವರು ನೆಲಮಾಳಿಗೆಯಲ್ಲಿ. ವರ್ಷಕ್ಕೊಮ್ಮೆ ಹಿಮಗಾಳಿ ಎದ್ದು ಊರಿಗೆಲ್ಲ ಕತ್ತಲಾದಾಗ ಮಾತ್ರ ಟಿವಿಯವರು ಕ್ಯಾಮರಾ ಹೊತ್ತು ನೆಲಮಾಳಿಗೆಯ ಮೆಟ್ಟಿಲು ಇಳಿಯುತ್ತಾರೆ. ಕರೆಂಟು ಬಂದ ಮರುದಿನ ಮೆಟ್ಟಿಲು ಖಾಲಿ.

ಮತ್ತೆ ಈ ಜನಕ್ಕೆ ಗೋತ್ರದ ಚಿಂತೆ ಬಹಳ. ಇಬ್ಬರು ಪ್ರೊಫೆಸರುಗಳು ಎದುರಾದರೆ ಮೊದಲ ಪ್ರಶ್ನೆ "ನೀವು ಯಾರ ಶಿಷ್ಯರು?" ಎಂದು. ಐಲಿ ಮುದುಕ ವಿಟ್‌ಕಾಂಬ್‌ರ ಶಿಷ್ಯೆ. ಅದೇ ವಿಟ್‌ಕಾಂಬ್‌ರ ಇನ್ನೊಬ್ಬ ಶಿಷ್ಯ ಕ್ಲಿಫ್ಟನ್ ಪ್ರೆಸ್ಕಾಟ್. ಇಬ್ಬರೂ ಒಂದೇ ಕೊಟ್ಟಿಗೆಯಂಥ ಪ್ರಯೋಗಾಲಯದಲ್ಲಿ ಡಾಕ್ಟರೇಟ್ ಮಾಡಿದವರು. ಐಲಿ ಅಳೆಯುತ್ತಿದ್ದರು, ಕ್ಲಿಫ್ಟನ್ ಹಾದುಹೋಗುವಾಗ ನಿಂತು ಅವರ ಸಾಮಾನನ್ನು ಸರಿಮಾಡುತ್ತಿದ್ದ. ಯಾರೂ ಕೇಳದಿದ್ದರೂ ಇನ್ನೊಬ್ಬರ ತಂತಿ ಮುಟ್ಟಿ ಸರಿಮಾಡುವುದು ಅವನಿಗೆ ಚಿಕ್ಕಂದಿನಿಂದ ಬಂದ ಚಟ. ಈಗ ಅವನು ಯಾವುದೋ ದೊಡ್ಡ ಊರಿನಲ್ಲಿ ಡೀನ್. ಅವನ ಪರಿಚಯದ ಬರಹ ಓದುವಷ್ಟರಲ್ಲಿ ಕಾಫಿ ಆರುತ್ತದೆ. ಓದಲು ಯಾರೂ ಇಲ್ಲದಿದ್ದರೆ ಅವನೇ ಓದಿಕೊಳ್ಳುತ್ತಾನೆ ಎಂದೂ ಹೇಳುತ್ತಾರೆ.

ಐಲಿಯವರ ಪರಿಚಯಕ್ಕೆ ಬೇಕಾದದ್ದು ಒಂದೇ ಸಂಖ್ಯೆ. ಡಾಕ್ಟರೇಟಿನ ಚಳಿಗಾಲದಲ್ಲಿ, ಇಷ್ಟು ದಪ್ಪ ಹಿಮಕ್ಕೆ ಇಷ್ಟು ಸೋರಿಕೆ ಎಂದು ಆಕೆ ಅಳೆದು ಗೆರೆ ಎಳೆದರು. ಅದಕ್ಕೆ ರಾಂತಾಲ ಗೆರೆ ಎಂದು ಹೆಸರಾಯಿತು. ಹಿಮ ಬೀಳುವ ದೇಶಗಳಲ್ಲಿ ಕಂಬ ನಿಲ್ಲಿಸುವವರು ಅದನ್ನು ನೋಡಿಯೇ ಪಿಂಗಾಣಿ ಬಟ್ಟಲು ಎಷ್ಟು ಪೋಣಿಸಬೇಕೆಂದು ನಿರ್ಧರಿಸುತ್ತಾರೆ. ಆಮೇಲೆ ಆಕೆ ಬರೆದದ್ದೆಲ್ಲ ಆ ಗೆರೆಯ ಮಕ್ಕಳು ಮೊಮ್ಮಕ್ಕಳು: ಕೊಳಕು ಹಿಮಕ್ಕೆ ಅದರ ಇಮ್ಮಡಿ, ಒಣ ಹಿಮಕ್ಕೆ ಅದರ ಅರ್ಧ, ಹೀಗೆ ಎಲ್ಲವೂ ಅದಕ್ಕೆ ಹೋಲಿಸಿ ಅಳೆದದ್ದು. ನೂರಾರು ಜನ ಆ ಗೆರೆಯನ್ನು ತಮ್ಮ ಬರಹದಲ್ಲಿ ಸ್ಮರಿಸಿದರು. ಪ್ರೊಫೆಸರುಗಳ ಲೋಕದಲ್ಲಿ ಸ್ಮರಿಸುವುದು ಸುಲಭ, ಮತ್ತೆ ಅಳೆಯುವುದು ಚಳಿಯ ಕೆಲಸ. ಹಾಗಾಗಿ ಆ ಮೊದಲ ಗೆರೆಯನ್ನು ಮತ್ತೆ ಅಳೆದವರು ಯಾರೂ ಇರಲಿಲ್ಲ, ಐಲಿಯೂ ಕೂಡ.

ಇಷ್ಟಾಗಿಯೂ ಆಕೆ ಎಷ್ಟೋ ಕಾಲ ಅಸೋಸಿಯೇಟ್ ಪ್ರೊಫೆಸರಾಗಿಯೇ ಉಳಿದಿದ್ದರು. ಕೊನೆಗೆ ವಿಭಾಗದ ಮುಖ್ಯಸ್ಥ ಬೆಹ್ರೂಜ್ ತವಕ್ಕೊಲಿ ಪಟ್ಟು ಹಿಡಿದು ಆಕೆಯನ್ನು ಪೂರ್ಣ ಪ್ರೊಫೆಸರ್ ಮಾಡಿಸಿದರು. ಬೆಹ್ರೂಜ್ ಚಿಪ್ಪಿನ ಕಡೆಯವರು, ಇರಾನಿನಿಂದ ಬಂದು ಇಲ್ಲೇ ನೆಲೆಸಿದವರು. ತಮ್ಮ ಪರಿಚಯದ ಪುಟವನ್ನು ತಿಂಗಳಿಗೊಮ್ಮೆ ಹೊಳಪು ಮಾಡುವ ಅಭ್ಯಾಸವಿದ್ದರೂ ಮನುಷ್ಯ ಒಳ್ಳೆಯವರು.

ಪೂರ್ಣ ಪ್ರೊಫೆಸರಾದವರು ಒಂದು ಉಪನ್ಯಾಸ ಕೊಡಬೇಕು. ಅವರ ಗೋತ್ರದವರೊಬ್ಬರು ಬಂದು ಪರಿಚಯ ಮಾಡಬೇಕು. ಜೊತೆಗೆ, ಅವರು ಡಾಕ್ಟರೇಟಿನ ಕಾಲದಲ್ಲಿ ಬಳಸಿದ ಹಳೆಯ ಸಲಕರಣೆ ಒಂದನ್ನು ವೇದಿಕೆಯ ಪಕ್ಕ ಮೇಜಿನ ಮೇಲೆ ಇಡಬೇಕು. ಇದು ಆ ವಿಭಾಗದ ಪದ್ಧತಿ. ಮದುವೆಯಲ್ಲಿ ವಧುವಿನ ಬಾಲ್ಯದ ಫೋಟೋ ಇಡುವ ಹಾಗೆ. ಪರಿಚಯಕ್ಕೆ ಕ್ಲಿಫ್ಟನ್ ಬರುವುದೆಂದು ನಿಶ್ಚಯವಾಯಿತು. ಉಪನ್ಯಾಸ ಶುಕ್ರವಾರ. ಮಂಗಳವಾರ ಬೆಳಿಗ್ಗೆ ಐಲಿ ಸಲಕರಣೆ ಹುಡುಕಲು ಉಗ್ರಾಣಕ್ಕೆ ಇಳಿದರು.

ಹಳೆಯ ರಟ್ಟಿನ ಪೆಟ್ಟಿಗೆಯಲ್ಲಿ ಅವರ ಪ್ರೋಬ್ ಸಿಕ್ಕಿತು. ಆಸಿಲೋಸ್ಕೋಪ್ ಎಂಬ ಪೆಟ್ಟಿಗೆ ಕರೆಂಟಿನ ಅಲೆಯನ್ನು ಪರದೆಯ ಮೇಲೆ ತೋರಿಸುತ್ತದಲ್ಲ, ಅದರಿಂದ ಹೊರಡುವ ತಂತಿಯ ತುದಿಯಲ್ಲಿ ಪೆನ್ನಿನಂತೆ ಇರುವುದೇ ಪ್ರೋಬ್. ಅದರ ಕುತ್ತಿಗೆಯಲ್ಲಿ ಅಕ್ಕಿಕಾಳಿನಷ್ಟು ಗುಂಡಿ. ಆ ಕಡೆ ತಳ್ಳಿದರೆ ಹತ್ತು, ಈ ಕಡೆ ತಳ್ಳಿದರೆ ಒಂದು. ಹತ್ತಕ್ಕೆ ಇಟ್ಟಿದ್ದರೆ ಪರದೆಯಲ್ಲಿ ಕಂಡದ್ದನ್ನು ಹತ್ತರಿಂದ ಗುಣಿಸಬೇಕು. ಒಂದಕ್ಕೆ ಇಟ್ಟಿದ್ದರೆ ಗುಣಿಸಬಾರದು. ಇದನ್ನು ಒಮ್ಮೆಯಾದರೂ ಮರೆಯದ ಎಲೆಕ್ಟ್ರಿಕಲ್ ಇಂಜಿನಿಯರು ಇನ್ನೂ ಹುಟ್ಟಿಲ್ಲ. ಪ್ರೊಫೆಸರುಗಳು ಮೊದಲ ವಾರ ವಿದ್ಯಾರ್ಥಿಗಳನ್ನು ಇದಕ್ಕಾಗಿ ಬೈಯುತ್ತಾರೆ, ಎರಡನೆಯ ವಾರ ತಾವೇ ಮರೆಯುತ್ತಾರೆ.

ಕೈಗವಸಿನ ಬೆರಳು ತಾಗಿ ಗುಂಡಿ ಜಾರದಿರಲೆಂದು ಐಲಿ ಆ ಚಳಿಗಾಲದ ಮೊದಲ ದಿನವೇ ಅದರ ಮೇಲೆ ಟೇಪು ಸುತ್ತಿದ್ದರು. ಟೇಪು ಹಳದಿಯಾಗಿ, ಪ್ರೋಬಿನ ಮೈಗೆ ಅಂಟಿ ಒಂದಾಗಿ ಹಾಗೆಯೇ ಇತ್ತು. ಅದರ ಕೆಳಗೆ ಗುಂಡಿ ಸ್ಪಷ್ಟವಾಗಿ ಕಾಣುತ್ತಿತ್ತು. ಗುಂಡಿ ಒಂದರ ಕಡೆಗಿತ್ತು.

ಐಲಿ ಪೆಟ್ಟಿಗೆಯ ಮೇಲೆಯೇ ಕುಳಿತುಬಿಟ್ಟರು. ಪ್ರತಿ ಸಲವೂ ಹತ್ತರಿಂದ ಗುಣಿಸಿದ್ದು ಅವರಿಗೆ ನಿನ್ನೆಯಂತೆ ನೆನಪಿತ್ತು. ಗುಣಿಸುವಾಗ ತುಟಿ ಅಲ್ಲಾಡುತ್ತಿತ್ತೆಂದು ವಿಟ್‌ಕಾಂಬ್ ನಗುತ್ತಿದ್ದದ್ದು ಕೂಡ. ಅಂದರೆ ಗುಣಿಸಬಾರದ್ದನ್ನು ಗುಣಿಸಿದ್ದರು. ರಾಂತಾಲ ಗೆರೆ ನಿಜಕ್ಕಿಂತ ಹತ್ತುಪಟ್ಟು ಮೇಲಿತ್ತು. ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಹತ್ತುಪಟ್ಟು ತಪ್ಪು. ಅದನ್ನು ನಂಬಿ ಪೋಣಿಸಿದ ಪಿಂಗಾಣಿ, ಅದನ್ನು ನಂಬಿ ಕೊಟ್ಟ ಪೂರ್ಣ ಪ್ರೊಫೆಸರ್ ಪದವಿ, ಎಲ್ಲವೂ ಆ ಅಕ್ಕಿಕಾಳಿನ ಮೇಲೆ ಕೂತಿದ್ದವು.

ಮೇಲೆ ಹೋಗಿ ಬೆಹ್ರೂಜ್ ಅವರ ಮೇಜಿನ ಮೇಲೆ ಪ್ರೋಬ್ ಇಟ್ಟರು. ಬೆಹ್ರೂಜ್ ಕನ್ನಡಕ ಏರಿಸಿ ನೋಡಿ, ಬಾಗಿಲು ಹಾಕಿ ಬಂದರು.

"ಐಲಿ ಜಾನ್, ಇದನ್ನ ಯಾರಿಗಾದ್ರೂ ತೋರಿಸಿದ್ದೀರಾ?" ಎಂದರು. ಜಾನ್ ಎಂದರೆ ಅವರ ಭಾಷೆಯಲ್ಲಿ ಪ್ರೀತಿಯಿಂದ ಕರೆಯುವ ಮಾತು.

"ನಿಮಗೇ ಮೊದಲು."

"ಒಳ್ಳೇದು. ನೋಡಿ, ಶನಿವಾರ ಅನ್ನೋದು ಸತ್ಯ ಹೇಳೋಕೆ ತುಂಬ ಒಳ್ಳೇ ದಿನ. ಶುಕ್ರವಾರ ಸಂಜೆ ಮಾತ್ರ ಅಷ್ಟು ಚೆನ್ನಾಗಿಲ್ಲ."

"ಶುಕ್ರವಾರ ನಿಂತ್ಕೊಂಡು ಆ ಗೆರೆ ತೋರಿಸಿ ಮಾತಾಡ್ಬೇಕು ನಾನು. ತಪ್ಪು ಗೆರೆ ತೋರಿಸಿ ಮಾತಾಡೋಕೆ ನನಗೆ ನಾಲಗೆ ಏಳಲ್ಲ."

"ಜಾಸ್ತಿ ಬಂದಿದ್ರೆ ಯಾರಿಗೂ ಅಪಾಯ ಇಲ್ಲವಲ್ಲ. ಬೇಕಾಗಿದ್ದಕ್ಕಿಂತ ಪಿಂಗಾಣಿ ಜಾಸ್ತಿ ಹಾಕಿರ್ತಾರೆ, ಅಷ್ಟೇ."

"ಹೌದು. ಅಷ್ಟೇ. ಇಷ್ಟು ವರ್ಷ ಪಿಂಗಾಣಿ ಅಂಗಡಿಯವರಿಗೆ ಉಪಕಾರ ಮಾಡಿದ ಪ್ರೊಫೆಸರು ಅಂತ ಪರಿಚಯ ಮಾಡ್ಲಿ ಕ್ಲಿಫ್."

ಬೆಹ್ರೂಜ್ ಸಕ್ಕರೆ ಅಚ್ಚೊಂದನ್ನು ಹಲ್ಲಿನ ನಡುವೆ ಹಿಡಿದು, ಗಾಜಿನ ಲೋಟದ ಚಹಾ ಹೀರುತ್ತ ಯೋಚಿಸಿದರು. ಕೊನೆಗೆ, "ಮತ್ತೆ ಅಳೆದು ನೋಡಿ," ಎಂದರು.

"ಅದಕ್ಕೇ ಬಂದೆ. ಶೀತಕೋಣೆ ನಾಳೆ ಬೇರೆಯವರ ಹೆಸರಲ್ಲಿದೆ. ನಿಮ್ಮ ಸಹಿ ಬೇಕು."

"ಸಹಿ ಹಾಕ್ತೀನಿ. ನಾನೂ ಬರ್ತೀನಿ. ಮುಳುಗಿದ್ರೆ ಇಬ್ಬರೂ ಮುಳುಗೋಣ. ಒಳಗೆ ತುಂಬಾ ಚಳಿ ಇರತ್ತಾ?"

"ಹೆಸರೇ ಶೀತಕೋಣೆ."

ಬುಧವಾರ ಬೆಹ್ರೂಜ್ ಜೀವನದಲ್ಲಿ ಮೊದಲ ಸಲ ನೆಲಮಾಳಿಗೆಯ ಆ ದಪ್ಪ ಬಾಗಿಲು ದಾಟಿದರು. ಎರಡು ಕೋಟಿನ ಮೇಲೆ ಐಲಿಯವರ ತಾಯಿಯ ನೇರಳೆ ಬಣ್ಣದ ಉಣ್ಣೆಯ ಶಾಲು ಸುತ್ತಿಕೊಂಡು, ಕೈಯಲ್ಲಿ ಚಹಾದ ಫ್ಲಾಸ್ಕು ಹಿಡಿದು ಮೂಲೆಯ ಸ್ಟೂಲಿನ ಮೇಲೆ ಕೂತರು. ಐಲಿ ಪಿಂಗಾಣಿ ಸರ ತೂಗುಹಾಕಿ ನೀರು ಸಿಂಪಡಿಸತೊಡಗಿದರು. ಹಿಮ ಕಟ್ಟುವುದು ಅವಸರದ ಕೆಲಸವಲ್ಲ. ಅವಸರ ಮಾಡಿದರೆ ಬಿರುಕು ಬಿಟ್ಟ ಹಿಮ ಬರುತ್ತದೆ, ಅಳತೆ ಸುಳ್ಳಾಗುತ್ತದೆ. ಸ್ವಲ್ಪ ಸಿಂಪಡಿಸಬೇಕು, ಕಾಯಬೇಕು, ಮತ್ತೆ ಸಿಂಪಡಿಸಬೇಕು. ಈ ಸಲ ಆಕೆಗೆ ಪ್ರತಿ ಕಾಯುವಿಕೆಯೂ ಡಾಕ್ಟರರ ಕೋಣೆಯ ಹೊರಗಿನ ಬೆಂಚಿನಂತೆ ಅನಿಸಿತು.

"ಇದನ್ನೇ ದಿನಾ ಮಾಡ್ತೀರಾ?" ಬೆಹ್ರೂಜ್ ಶಾಲಿನೊಳಗಿನಿಂದ ಕೇಳಿದರು.

"ಇದನ್ನೇ."

"ನಮ್ಮ ಮಹಡೀಲಿ ಇಷ್ಟು ಹೊತ್ತಿಗೆ ಎರಡು ಸಂಶೋಧನಾ ಲೇಖನ ಬರ್ದು ಮುಗಿಸಿರ್ತಾರೆ."

"ಗೊತ್ತು. ಓದಿದ್ದೀನಿ."

ಬೆಹ್ರೂಜ್ ಫ್ಲಾಸ್ಕಿನಿಂದ ಇನ್ನಷ್ಟು ಚಹಾ ಸುರಿದುಕೊಂಡರು. ಮಧ್ಯಾಹ್ನ ಇಬ್ಬರೂ ಹೊರಗಿನ ಪಡಸಾಲೆಯಲ್ಲಿ ನಿಂತು ಮಾಂಸ ಆಲೂಗಡ್ಡೆ ತುಂಬಿದ ಪ್ಯಾಸ್ಟಿ ತಿಂದರು. ಐಲಿಯವರ ಪ್ಯಾಸ್ಟಿ ಅರ್ಧದಲ್ಲೇ ಉಳಿಯಿತು. ಅದನ್ನೂ ಬೆಹ್ರೂಜರೇ ತಿಂದರು. ಚಿಂತೆಯಾದಾಗ ಅವರಿಗೆ ಹಸಿವು ಹೆಚ್ಚು.

ಸಂಜೆಗೆ ಹಿಮ ಬೇಕಾದಷ್ಟು ದಪ್ಪವಾಯಿತು. ಪಿಂಗಾಣಿ ಬಟ್ಟಲುಗಳ ಅಂಚಿನಿಂದ ಹಿಮದ ಹಲ್ಲುಗಳು ಇಳಿಬಿದ್ದಿದ್ದವು. ಐಲಿ ಹೊಸ ಮೀಟರು ಜೋಡಿಸಿದರು. ಪ್ರೋಬೂ ಇಲ್ಲ, ಗುಂಡಿಯೂ ಇಲ್ಲ, ಗುಣಾಕಾರವೂ ಇಲ್ಲ. ಅದು ನೇರವಾಗಿ ಸಂಖ್ಯೆಯನ್ನೇ ತೋರಿಸುತ್ತದೆ. ಅದನ್ನೂ ನಂಬದೆ ಪಕ್ಕದಲ್ಲಿ ಇನ್ನೊಂದು ಕಂಪನಿಯ ಮೀಟರು ಇಟ್ಟರು. ಇಬ್ಬರೂ ಹೊರಗೆ ಬಂದು ಬಾಗಿಲು ಹಾಕಿದ ಮೇಲೆ, ಗಾಜಿನ ಕಿಟಕಿಯ ಈಚೆಯಿಂದ ಐಲಿ ವಿದ್ಯುತ್ತನ್ನು ನಿಧಾನವಾಗಿ ಏರಿಸಿದರು. ಹಿಮದ ಮೇಲೆ ನಸು ನೀಲಿ ಬೆಳಕೊಂದು ಹರಿದಾಡಿತು. ಐಲಿ ಮೀಟರು ನೋಡಲಿಲ್ಲ.

"ನೀವೇ ಓದಿ," ಎಂದರು.

ಬೆಹ್ರೂಜ್ ಓದಿದರು. ಐಲಿ ಇನ್ನೊಮ್ಮೆ ಓದಿಸಿದರು. ಆಮೇಲೆ ತಾವೇ ಬಗ್ಗಿ ನೋಡಿದರು. ಎರಡು ಮೀಟರೂ ಒಂದೇ ಮಾತು ಹೇಳುತ್ತಿದ್ದವು. ಡಾಕ್ಟರೇಟಿನ ಚಳಿಗಾಲದ ಅದೇ ಸಂಖ್ಯೆ. ಹತ್ತುಪಟ್ಟು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಗೆರೆ ಇದ್ದಲ್ಲೇ ಇತ್ತು.

ಐಲಿ ಗೋಡೆಗೆ ಬೆನ್ನು ಕೊಟ್ಟು ಹಾಗೇ ಜಾರಿ ನೆಲಕ್ಕೆ ಕುಳಿತರು. ಬೆಹ್ರೂಜ್ ತಮ್ಮ ಭಾಷೆಯಲ್ಲಿ ಏನೋ ಉದ್ದಕ್ಕೆ ಹೇಳಿ, ಶಾಲಿನಿಂದ ಕಣ್ಣು ಒರೆಸಿಕೊಂಡು, ಅದು ಚಳಿಗೆ ಬಂದ ನೀರು ಎಂದರು. ಸ್ವಲ್ಪ ಹೊತ್ತಿನಲ್ಲಿ ಐಲಿಗೆ ಹಸಿವಾಯಿತು. ಪ್ಯಾಸ್ಟಿ ಇರಲಿಲ್ಲ.

"ಆದ್ರೆ ಹೇಗೆ?" ಎಂದರು ಆಕೆ. "ಗುಂಡಿ ಒಂದರಲ್ಲಿತ್ತು. ನಾನು ಗುಣಿಸಿದ್ದೆ. ಸರಿ ಬರೋಕೆ ಸಾಧ್ಯವೇ ಇಲ್ಲ."

"ಐಲಿ ಜಾನ್, ಕೊಟ್ಟದ್ದನ್ನ ತಗೊಳ್ಳಿ. ಕೊಟ್ಟೋರ ವಿಳಾಸ ಕೇಳ್ಬೇಡಿ."

ಆದರೆ ಆಕೆ ಗುರುವಾರವಿಡೀ ಅದನ್ನೇ ತಲೆಯಲ್ಲಿ ತಿರುವಿದರು. ಉತ್ತರ ಶುಕ್ರವಾರ ಮಧ್ಯಾಹ್ನ ಒಂಟೆಕೂದಲಿನ ಕೋಟು ಹಾಕಿಕೊಂಡು ತಾನೇ ನಡೆದು ಬಂತು. ಕ್ಲಿಫ್ಟನ್ ಪ್ರೆಸ್ಕಾಟ್ ಸಭಾಂಗಣಕ್ಕೆ ಕಾಲಿಟ್ಟು, ಮೈಕು ಸರಿಮಾಡಿ, ಪರದೆ ಸರಿಮಾಡಿ, ಹೂದಾನಿ ಎರಡು ಬೆರಳು ಆಚೆ ಸರಿಸಿ, ಮೇಜಿನ ಮೇಲಿನ ಪ್ರೋಬ್ ನೋಡಿ ನಿಂತ.

"ಓಹೋ, ಇದು ನಿನ್ನ ಹಳೇ ಪ್ರೋಬ್ ಅಲ್ವಾ ಐಲಿ? ನೀನು ಇದನ್ನ ಬಳಸ್ತಿದ್ದ ಆ ಚಳಿಗಾಲದಲ್ಲೇ ತಾನೇ ನಾನು ನಿನ್ನ ರೆಸಿಸ್ಟರ್ ಬದಲಾಯಿಸಿದ್ದು?"

ಐಲಿ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು. ಸೋರಿದ ಕರೆಂಟು ಹಾದುಹೋಗುವ ಪುಟ್ಟ ತುಂಡಿಗೆ ರೆಸಿಸ್ಟರ್ ಎನ್ನುತ್ತಾರೆ. ಪ್ರೋಬ್ ಅಳೆಯುವುದು ಅದರ ಮೇಲೆಯೇ. ಅದು ಎಷ್ಟು ಚಿಕ್ಕದೋ ಪರದೆಯಲ್ಲಿ ಕಾಣುವ ಅಲೆಯೂ ಅಷ್ಟು ಚಿಕ್ಕದು.

"ಏನಂದೆ?"

"ನಿನ್ನದು ದೊಡ್ಡದಾಯ್ತು ಅನ್ನಿಸ್ತು. ಅದರ ಹತ್ತನೇ ಒಂದು ಪಾಲಿನದ್ದು ಹಾಕ್ದೆ. ಮೊದಲ ವಾರವೇ. ಯಾಕೆ, ಹೇಳಿರಲಿಲ್ವಾ? ಹೇಳ್ಬೇಕು ಅಂತಿದ್ದೆ, ನೀನು ಊಟಕ್ಕೆ ಹೋಗಿದ್ದೆ."

"ಅವತ್ತಿನಿಂದ ಇವತ್ತಿನವರೆಗೂ ಊಟ ಮಾಡ್ತಾನೇ ಇದ್ನಾ ನಾನು?"

ಆಕೆಗೆ ಸಿಟ್ಟು ಬಂತು, ಅದರ ಹಿಂದೆಯೇ ನಗು ಬಂತು, ಎರಡೂ ಬಾಗಿಲಲ್ಲಿ ಸಿಕ್ಕಿಕೊಂಡವು. ಈ ಮನುಷ್ಯ ಹೇಳದೆ ಕೇಳದೆ ಮಾಡಿದ ಉಪಕಾರದಿಂದ ಅಳತೆ ಹತ್ತುಪಟ್ಟು ಕುಗ್ಗಿತ್ತು. ಆಕೆ ಮರೆತ ಗುಂಡಿಯಿಂದ ಹತ್ತುಪಟ್ಟು ಹಿಗ್ಗಿತ್ತು. ಒಂದನ್ನೊಂದು ತಿಂದುಹಾಕಿ ಸಂಖ್ಯೆ ನೆಟ್ಟಗೆ ನಿಂತಿತ್ತು. ಇಬ್ಬರಲ್ಲಿ ಒಬ್ಬರು ಎಚ್ಚರವಾಗಿದ್ದಿದ್ದರೂ ಗೆರೆ ಹಾಳಾಗುತ್ತಿತ್ತು. ಆಕೆ ಇದನ್ನೆಲ್ಲ ಬಿಡಿಸಿ ಹೇಳಿದಾಗ ಕ್ಲಿಫ್ಟನ್ ಗದ್ದ ಸವರಿಕೊಂಡ.

"ಅಂದ್ರೆ ನಾನಿಲ್ಲದಿದ್ರೆ ನಿನ್ನ ಗೆರೆ ಇಲ್ಲ."

"ಹಾಗೂ ಹೇಳ್ಬಹುದು."

"ನ್ಯಾಯವಾಗಿ ನೋಡಿದ್ರೆ ರಾಂತಾಲ ಪ್ರೆಸ್ಕಾಟ್ ಗೆರೆ ಅನ್ಬೇಕು. ನಾನು ಕೇಳ್ತಿಲ್ಲ. ಸುಮ್ನೆ ಹೇಳ್ತಿದ್ದೀನಿ."

"ಹಾಗೇ ಹೆಸರಿಡೋಣ. ಇವತ್ತು ಉಪನ್ಯಾಸದಲ್ಲೇ ಹೇಳ್ತೀನಿ. ಯಾವ ತಪ್ಪು ಯಾರದ್ದು ಅಂತ ಎರಡು ಹೆಸರಿನ ಪಕ್ಕ ಬರ್ದು ತೋರಿಸ್ತೀನಿ. ಮುಂದಿನ ಸಾಲಿನಲ್ಲಿ ನಿಮ್ಮ ವಿಶ್ವವಿದ್ಯಾಲಯದೋರೂ ಕೂತಿದ್ದಾರೆ."

ಕ್ಲಿಫ್ಟನ್ ಹೂದಾನಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿದ.

"ಬೇಡ ಬಿಡು. ಹಳೇ ಹೆಸರೇ ಜನಕ್ಕೆ ರೂಢಿಯಾಗಿದೆ."

ಪರಿಚಯ ಉದ್ದಕ್ಕೆ ನಡೆಯಿತು. ಅದರಲ್ಲಿ ಕ್ಲಿಫ್ಟನ್‌ನ ವಿಷಯ ಹೆಚ್ಚು, ವಿಟ್‌ಕಾಂಬ್‌ರದ್ದು ಸ್ವಲ್ಪ, ಐಲಿಯವರದ್ದು ಕೊನೆಗೆ ಬಂತು. ಆಮೇಲೆ ಐಲಿ ಎದ್ದು ನಿಂತು ಪ್ರೋಬನ್ನು ಎತ್ತಿ ತೋರಿಸಿ, ತಮ್ಮ ಗುಂಡಿಯ ಕಥೆಯನ್ನು ಒಂದು ಅಕ್ಷರ ಮುಚ್ಚಿಡದೆ ಹೇಳಿದರು. ರೆಸಿಸ್ಟರು ಬದಲಾಯಿಸಿದವರನ್ನು "ಒಬ್ಬ ಸಹಪಾಠಿ" ಎಂದಷ್ಟೇ ಹೇಳಿ ಬಿಟ್ಟರು. ಬುಧವಾರದ ಅಳತೆಯನ್ನು ಹಳೆಯ ಗೆರೆಯ ಮೇಲೆ ಚುಕ್ಕಿಯಾಗಿ ಇಟ್ಟು ತೋರಿಸಿದರು. ಚುಕ್ಕಿ ಗೆರೆಯ ಮೇಲೆ ಕೂತಿತು. ಸಭೆ ಮೊದಲು ನಕ್ಕಿತು, ಆಮೇಲೆ ಚಪ್ಪಾಳೆ ತಟ್ಟಿತು. ತಮ್ಮ ತಮ್ಮ ಪ್ರೋಬು ನೆನಪಾದ ಕೆಲವು ಪ್ರೊಫೆಸರುಗಳು ಮಾತ್ರ ಚಪ್ಪಾಳೆಯ ನಡುವೆ ಸ್ವಲ್ಪ ಗಂಭೀರವಾಗಿದ್ದರು. ಬೆಹ್ರೂಜ್ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಆ ನೇರಳೆ ಶಾಲು ಇನ್ನೂ ಅವರ ಹೆಗಲ ಮೇಲಿತ್ತು.

ಪ್ರಶ್ನೆಗಳಿದ್ದರೆ ಕೇಳಬಹುದು ಎಂದರು ಬೆಹ್ರೂಜ್. ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಏಲಕ್ಕಿ ಹಾಕಿದ ಪುಲ್ಲಾ ರೊಟ್ಟಿ ಸಿಗುತ್ತದೆಂಬ ಆಸೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ ವರ್ನ್ ಕೆಸ್ಟಿಲ ಎದ್ದು ನಿಂತ.

"ಅಲ್ಲಾ ಐಲಿ, ಇಷ್ಟು ವರ್ಷ ಕೂತು ಕೂತು ಹಿಮ ನೋಡಿದೀಯಲ್ಲ. ಒಂದ್ಸಲನಾದ್ರೂ ಒಂದು ಬಕೆಟ್ ಬಿಸಿನೀರು ತಂದು ಸುರಿದುಬಿಡೋಣ ಅನ್ನಿಸಲಿಲ್ವಾ ನಿನಗೆ?"

"ದಿನಾ ಅನ್ನಿಸಿದೆ," ಎಂದರು ಐಲಿ. "ಬುಧವಾರ ಎರಡು ಸಲ."